ಎರಡು ಜನರ ಕೆಲಸ

ಸತ್ತವರನ್ನು ಒಯ್ಯುವ ಗಾಡಿ ಸದ್ದು ಮಾಡಬಾರದು. ಮದುವೆ ಗಾಡಿ ಬೇಕಾದರೆ ಹಾರ್ನ್ ಹೊಡೆದುಕೊಂಡು ಹೋಗಲಿ, ಹಾಲಿನ ಗಾಡಿ ಕ್ಯಾನುಗಳನ್ನು ಕುಣಿಸಿಕೊಂಡು ಹೋಗಲಿ, ಯಾರೂ ಕೇಳುವುದಿಲ್ಲ. ಕೊನೆಯ ಪ್ರಯಾಣದ ಗಾಡಿ ಮಾತ್ರ ಬಂದದ್ದೂ ಹೋದದ್ದೂ ತಿಳಿಯದ ಹಾಗೆ ಹೋಗಬೇಕು. ಸಾರಥಿಯ ಹಳೇ ವ್ಯಾನಿಗೆ ಈ ಮರ್ಯಾದೆ ಬಹಳ ವರ್ಷ ಗೊತ್ತಿತ್ತು. ಕಳೆದ ಚಳಿಗಾಲದಿಂದ ಅದು ಮರೆತುಬಿಟ್ಟಿತು. ನೇರ ರಸ್ತೆಯಲ್ಲಿ ಸಾಧು ಹಸುವಿನ ಹಾಗೆ ಹೋಗುವುದು, ತಿರುವು ಬಂದು ಸ್ಟೀರಿಂಗ್ ತಿರುಗಿಸಿದ ಕೂಡಲೇ ಬಾನೆಟ್ಟಿನ ಕೆಳಗಿನಿಂದ ‘ಗುಂಯ್’ ಎಂದು ರಾಗ ತೆಗೆಯುವುದು. ಪೂರ್ತಿ ತಿರುಗಿಸುವ ಹೊತ್ತಿಗೆ ಆ ರಾಗ ಬಾಗಿಲಿಗೆ ಬಾಲ ಸಿಕ್ಕಿಸಿಕೊಂಡ ಬೆಕ್ಕಿನ ದನಿಗೆ ಏರಿರುತ್ತಿತ್ತು.

ಸಾರಥಿ ಎಂಬುದು ಅವನ ನಿಜವಾದ ಹೆಸರಲ್ಲ. ಹೆಸರು ಹಿಡಿದು ಕರೆದರೆ ಗಾಡಿ ತಮ್ಮ ಬಾಗಿಲಿಗೇ ಬಂದು ನಿಂತೀತು ಎಂಬ ಅಂಜಿಕೆಯೋ ಏನೋ, ಯಾರೋ ಅರ್ಧ ತಮಾಷೆಗೆ ಇಟ್ಟದ್ದು ಹಾಗೇ ಉಳಿದುಕೊಂಡಿತು. ಊರಿಗೆಲ್ಲ ಬೇಕಾದವನು, ಯಾರ ಮನೆಗೂ ಬೇಡವಾದವನು. ಕ್ಷೌರದಂಗಡಿಯವನು ಬೇರೆ ಗಿರಾಕಿಗಳೆಲ್ಲ ಎದ್ದುಹೋದ ಮೇಲೆಯೇ ಅವನ ತಲೆ ಮುಟ್ಟುತ್ತಿದ್ದ. ಚಹಾ ಅಂಗಡಿಯವನು ಅವನಿಂದ ಕಾಸನ್ನು ಕೈಗೆ ತೆಗೆದುಕೊಳ್ಳದೆ, ‘ಅಲ್ಲಿ ಮೇಜಿನ ಮೇಲಿಡಿ’ ಎನ್ನುತ್ತಿದ್ದ. ಮನೆ ಮಾಲೀಕ ಗಾಡಿಯನ್ನು ಈ ಬೀದಿಗೆ ತರಬಾರದು ಎಂಬ ಒಂದೇ ಷರತ್ತಿನ ಮೇಲೆ ಮಹಡಿಯ ಕೋಣೆ ಬಾಡಿಗೆಗೆ ಕೊಟ್ಟಿದ್ದ. ಹಾಗಂತ ಯಾರೂ ಕೆಟ್ಟವರಲ್ಲ. ಎದುರು ಸಿಕ್ಕರೆ ನಗುತ್ತಿದ್ದರು. ನಕ್ಕು, ಬೇಕಾದ್ದಕ್ಕಿಂತ ಒಂದು ಹೆಜ್ಜೆ ಹೆಚ್ಚು ಪಕ್ಕಕ್ಕೆ ಸರಿಯುತ್ತಿದ್ದರು, ಅಷ್ಟೆ. ಆ ಒಂದು ಹೆಜ್ಜೆಯ ಜಾಗದಲ್ಲಿ ಅವನು ಇಷ್ಟು ವರ್ಷ ಬದುಕಿದ್ದ. ಮದುವೆಯ ಮಾತು ಒಂದೆರಡು ಸಲ ಬಂದು, ಹುಡುಗನ ಕೆಲಸ ಏನು ಎಂಬಲ್ಲಿಗೆ ನಿಂತುಹೋಗಿತ್ತು.

ಗಾಡಿ ಒಂದು ಸೇವಾ ಸಂಘದ್ದು. ಸಂಘದ ಕಾರ್ಯದರ್ಶಿ ಇಸ್ತ್ರಿ ಕೆಡದ ಅಂಗಿಯ ಮನುಷ್ಯ. ಮಾತೂ ಅದೇ ಥರ. ಹೋದ ವಾರ ಒಂದು ಮನೆಯವರನ್ನು ಸ್ಮಶಾನಕ್ಕೆ ಕರೆದೊಯ್ಯುವಾಗ ಗೇಟಿನ ತಿರುವಿನಲ್ಲಿ ಗಾಡಿ ಎಂದಿಗಿಂತ ಜೋರಾಗಿ ಕಿರುಚಿ, ಸಾಲಿನಲ್ಲಿದ್ದ ಒಂದು ಮಗು ಕಿಸಕ್ಕೆಂದು ನಕ್ಕಿತ್ತು. ಮಗುವನ್ನು ಗದರಿಸಲು ಹೋದ ಅದರ ಚಿಕ್ಕಪ್ಪನೂ ನಕ್ಕುಬಿಟ್ಟಿದ್ದ. ಆಮೇಲೆ ಅಳಬೇಕಾದವರೆಲ್ಲ ತುಟಿ ಕಚ್ಚಿಕೊಂಡು ಹೆಗಲು ಕುಣಿಸುತ್ತ ನಿಂತಿದ್ದರು. ದೂರು ಬರದೆ ಇರುತ್ತದೆಯೇ? ಕಾರ್ಯದರ್ಶಿ ಸಾರಥಿಯನ್ನು ಕರೆಸಿ, ನಾಡಿದ್ದು ತಾನೇ ಗಾಡಿಯಲ್ಲಿ ಒಂದು ಸುತ್ತು ಬಂದು ನೋಡುವುದಾಗಿ ಹೇಳಿದ. ಸದ್ದು ನಿಂತಿದ್ದರೆ ಸರಿ, ಇಲ್ಲವಾದರೆ ಗಾಡಿ ಗುಜರಿಗೆ. ಹೊಸ ಗಾಡಿಗೆ ಹೊಸ ಚಾಲಕ ಬರುತ್ತಾನೆ. ಸಾರಥಿಗೂ ವಯಸ್ಸಾಯಿತಲ್ಲ, ಮನೆಯಲ್ಲಿ ಆರಾಮಾಗಿ ಇರಬಹುದು ಎಂದ. ಮಹಡಿಯ ಕೋಣೆಯಲ್ಲಿ ಒಬ್ಬನೇ ಆರಾಮಾಗಿ ಇರುವುದು ಎಂದರೇನು ಎಂದು ಸಾರಥಿಗೆ ಚೆನ್ನಾಗಿ ಗೊತ್ತಿತ್ತು. ಗಾಡಿ ಇದ್ದುದರಿಂದ ಯಾರಾದರೂ ವಾರಕ್ಕೊಮ್ಮೆಯಾದರೂ ಅವನ ಫೋನಿಗೆ ಕರೆ ಮಾಡುತ್ತಿದ್ದರು. ಗಾಡಿ ಹೋದರೆ ಫೋನೂ ಹೋದಂತೆಯೇ. ಅವನಿಗೆ ಹೆದರಿಕೆಯಾಯಿತು.

ಅವನು ನಡೆದುಕೊಂಡೇ ಗ್ಯಾರೇಜಿಗೆ ಹೋದ. ಮೆಕ್ಯಾನಿಕ್ ಅವನ ಶಾಲೆಯ ಗೆಳೆಯ, ಸಲಿಗೆಗೇನೂ ಕೊರತೆಯಿಲ್ಲ. ಆದರೆ ಆ ಗೆಳೆತನಕ್ಕೂ ಒಂದು ಷರತ್ತಿತ್ತು: ‘ನೀನು ಯಾವಾಗ ಬೇಕಾದ್ರೂ ಬಾ, ಗಾಡಿ ಮಾತ್ರ ತರ್ಬೇಡ.’ ಆ ಗಾಡಿ ಬಾಗಿಲಲ್ಲಿ ನಿಂತರೆ ಗಿರಾಕಿಗಳು ಒಳಗಿರುವವನೇ ಹೋದ ಅಂದುಕೊಳ್ಳುತ್ತಾರೆ ಎಂಬುದು ಅವನ ವಾದ. ಹೀಗಾಗಿ ಇಷ್ಟು ವರ್ಷವೂ ಅವನು ರೋಗಿಯ ಮುಖ ನೋಡದೆ ಮದ್ದು ಕೊಡುವ ವೈದ್ಯ, ಸಾರಥಿ ರೋಗಿಯ ಕಡೆಯವನು. ಮೆಕ್ಯಾನಿಕ್ ಕೇಳುತ್ತ ಹೋದ, ಸಾರಥಿ ಹೇಳುತ್ತ ಹೋದ. ಬೆಲ್ಟ್ ಬಿಗಿಯಾಗಿಯೇ ಇತ್ತು, ಬಿರುಕಿಲ್ಲ. ಸ್ಟೀರಿಂಗನ್ನು ಹಗುರ ಮಾಡುವ ಪಂಪಿನ ಆಯಿಲ್ ಡಬ್ಬಿ ಅರ್ಧಕ್ಕಿಳಿದಿತ್ತು. ಒಳಗಿನ ಆಯಿಲ್ ಸುಟ್ಟ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ, ಮೇಲೆ ನೊರೆ ಕಟ್ಟಿತ್ತು.

ನೊರೆ ಎಂದ ಕೂಡಲೇ ಮೆಕ್ಯಾನಿಕ್ ಕೈ ಒರೆಸಿಕೊಂಡ. ಪಂಪಿಗೆ ಗಾಳಿ ಹೊಕ್ಕಿದೆ, ಡಬ್ಬಿಯಿಂದ ಬರುವ ರಬ್ಬರ್ ಪೈಪಿನ ಕ್ಲಿಪ್ ಸಡಿಲವಾಗಿರಬೇಕು, ಪಂಪ್ ಇನ್ನೂ ಪೂರ್ತಿ ಹೋಗಿರಲಾರದು ಎಂದ. ಪೈಪೂ ಕ್ಲಿಪ್ಪೂ ಬದಲಾಯಿಸಿ, ಹಳೇ ಆಯಿಲ್ ಪೂರ್ತಿ ಇಳಿಸಿ ಹೊಸದು ಹಾಕಿ, ಒಳಗಿನ ಗಾಳಿಯನ್ನೆಲ್ಲ ಹೊರಗೆ ತೆಗೆಯಬೇಕು. ಆಮೇಲೆ ತಲೆ ಕೆರೆದುಕೊಂಡು ಇನ್ನೊಂದು ಮಾತು ಕೇಳಿದ: ಆಯಿಲ್ ಇಷ್ಟು ಸುಡಬೇಕಾದರೆ ಯಾರೋ ಸ್ಟೀರಿಂಗನ್ನು ಕೊನೆ ಮುಟ್ಟಿಸಿ, ಎಂಜಿನ್ ಓಡುತ್ತಿರುವಾಗಲೇ ಹಾಗೇ ಹಿಡಿದು ನಿಲ್ಲಿಸುತ್ತಿರಬೇಕು. ಹಾಗೆ ಹಿಡಿದರೆ ಪಂಪಿಗೆ ಉಸಿರು ಕಟ್ಟುತ್ತದೆ. ಅದು ಡ್ರೈವಿಂಗ್ ಕಲಿಯುವವರು ಮಾಡುವ ತಪ್ಪು. ನೀನೇನಾದರೂ?

ಸಾರಥಿಗೆ ಸಿಟ್ಟೇ ಬಂತು. ಕೂದಲು ನರೆತವನಿಗೆ ಬಂದು ಅ ಆ ಇ ಈ ಹೇಳಿಕೊಡುತ್ತಾನಲ್ಲ. ತಾನು ಅಂಥದ್ದೇನೂ ಮಾಡುವವನಲ್ಲ ಎಂದು ಖಡಾಖಂಡಿತವಾಗಿ ಹೇಳಿದ. ಸುಳ್ಳು ಹೇಳುತ್ತಿದ್ದೇನೆಂದು ಅವನಿಗೆ ಅನ್ನಿಸಲೂ ಇಲ್ಲ. ಕೈ ತನ್ನಷ್ಟಕ್ಕೆ ಮಾಡುವ ಕೆಲಸವನ್ನು ಮನಸ್ಸು ಲೆಕ್ಕಕ್ಕೆ ಹಿಡಿಯುವುದಿಲ್ಲ.

“ಆಯ್ತು ಬಿಡು. ಗಾಳಿ ತೆಗೆಯೋದು ಮಾತ್ರ ಒಂದು ಕೈಯಲ್ಲಿ ಚಪ್ಪಾಳೆ ತಟ್ಟೋ ಕೆಲಸ ಅಲ್ಲ,” ಎಂದ ಮೆಕ್ಯಾನಿಕ್. “ಒಬ್ರು ಒಳಗೆ ಕೂತು ಸ್ಟೀರಿಂಗ್ ಆ ಕಡೆ ಈ ಕಡೆ ತಿರುಗಿಸ್ತಾ ಇರ್ಬೇಕು, ಇನ್ನೊಬ್ರು ಡಬ್ಬಿ ಮೇಲೆ ಕಣ್ಣಿಟ್ಟು ಆಯಿಲ್ ಸುರೀತಾ ಇರ್ಬೇಕು. ಡಬ್ಬಿ ಒಂದು ಸಲ ಖಾಲಿ ಆಯ್ತೋ, ಮತ್ತೆ ಗಾಳಿ ಹೊಕ್ಕು ಮೊದಲಿಂದ ಶುರು. ಎರಡು ಜನರ ಕೆಲಸ ಅದು.”

ಆ ಇನ್ನೊಬ್ಬ ನೀನೇ ಬರಬಾರದೇ ಎಂದು ಸಾರಥಿಯ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಮೆಕ್ಯಾನಿಕ್ ಪೈಪು, ಕ್ಲಿಪ್ಪು, ಆಯಿಲ್ ಡಬ್ಬ ಎಲ್ಲವನ್ನೂ ಚೀಲಕ್ಕೆ ಹಾಕಿ ಕೈಗೆ ಕೊಟ್ಟು, ಮುಖ ನೋಡದೆ ಇನ್ನೊಂದು ಕಾರಿನ ಅಡಿಗೆ ನುಸುಳಿಬಿಟ್ಟಿದ್ದ. ಕೇಳಿಸಿಕೊಳ್ಳಬೇಕಾಗಿ ಬರುವ ಮೊದಲೇ ಅಡಗಿದ ಅವನ ಕಾಲುಗಳನ್ನು ನೋಡುತ್ತ ಸಾರಥಿ ಸ್ವಲ್ಪ ಹೊತ್ತು ನಿಂತಿದ್ದು, ಹೊರಟ.

ಸಂಘದ ಕಚೇರಿಯ ಹಿಂದೆ ತಗಡಿನ ಶೆಡ್ಡು. ಪೈಪು ಬದಲಾಯಿಸುವುದು, ಆಯಿಲ್ ಇಳಿಸುವುದು, ಮುಂದಿನ ಚಕ್ರಗಳನ್ನು ಜಾಕಿನ ಮೇಲೆ ಎತ್ತುವುದು, ಇಷ್ಟೂ ಒಂಟಿ ಕೈಗೆ ಸಲೀಸಾಗಿ ಆಯಿತು. ಆಮೇಲೆ ಶುರುವಾಯಿತು ಪಡಿಪಾಟಲು. ಒಳಗೆ ಕೂತು ಎಂಜಿನ್ ಶುರು ಮಾಡಿ ಸ್ಟೀರಿಂಗ್ ತಿರುಗಿಸಿ, ಇಳಿದು ಓಡಿಬಂದು ನೋಡಿದರೆ ಡಬ್ಬಿ ಆಗಲೇ ತಳ ಕಂಡು ‘ಗೊರಗೊರ’ ಎನ್ನುತ್ತಿತ್ತು. ತುಂಬಿಸಿ, ಹತ್ತಿ, ತಿರುಗಿಸಿ, ಇಳಿದು ಬಂದರೆ ಮತ್ತೆ ಅದೇ. ಕೊನೆಗೆ ಶೇವಿಂಗ್ ಕನ್ನಡಿಯನ್ನು ಎತ್ತಿದ ಬಾನೆಟ್ಟಿಗೆ ದಾರದಲ್ಲಿ ಕಟ್ಟಿ, ಸೀಟಿನಿಂದಲೇ ಡಬ್ಬಿ ಕಾಣುವಂತೆ ಮಾಡಲು ಹೋದ. ತಲೆಯನ್ನು ಕಿಟಕಿಯಿಂದ ಎಷ್ಟು ಹೊರಗೆ ಚಾಚಿದರೂ ಕನ್ನಡಿಯಲ್ಲಿ ಅವನ ಮುಖವೇ ಕಂಡಿತು. ಬೆವರಿ, ಆಯಿಲ್ ಬಳಿದುಕೊಂಡ, ಯಾರನ್ನೋ ಕಾಯುತ್ತಿರುವ ಮುಖ. ಅವನಿಗೆ ಆ ಮುಖ ನೋಡಲಾಗಲಿಲ್ಲ. ಕನ್ನಡಿ ಬಿಚ್ಚಿ ಒಳಗಿಟ್ಟ.

ಇನ್ನು ಒಬ್ಬರನ್ನು ಕೇಳಲೇಬೇಕಿತ್ತು. ಒಂದೈದು ನಿಮಿಷ ಕೂತು ಚಕ್ರ ತಿರುಗಿಸಿದರಾಯಿತು, ಗಾಡಿ ಇದ್ದಲ್ಲಿಂದ ಅಲುಗುವುದೂ ಇಲ್ಲ. ಚಹಾ ಅಂಗಡಿಯವನನ್ನು ಕೇಳಿದ. ಅಂಗಡಿ ಬಿಟ್ಟು ಬರುವುದು ಹೇಗೆ ಎಂದ, ಅಂಗಡಿಯಲ್ಲಿ ನೊಣದ ಹೊರತು ಯಾರೂ ಇರಲಿಲ್ಲ. ಕ್ಷೌರದಂಗಡಿಯವನಿಗೆ ಡ್ರೈವಿಂಗ್ ಬರುವುದಿಲ್ಲವಂತೆ. ಬರಬೇಕಾಗಿಲ್ಲ ಎಂದರೆ, ಬರದವರು ಕೂರುವುದು ತಪ್ಪಲ್ಲವೇ ಎಂದ. ಮನೆ ಮಾಲೀಕನಿಗೆ ಬೆಳಿಗ್ಗೆ ಇಲ್ಲದ ಸೊಂಟನೋವು ಆ ಗಳಿಗೆಯಲ್ಲಿ ಬಂತು. ಚಹಾ ಅಂಗಡಿಯವನ ಅಪ್ಪ, ಕ್ಷೌರದಂಗಡಿಯವನ ಅತ್ತೆ, ಮಾಲೀಕನ ಅಣ್ಣ, ಎಲ್ಲರೂ ಅವನ ಗಾಡಿಯಲ್ಲೇ ಹೋಗಿದ್ದರು. ಸತ್ತವರು ಯಾರೂ ಹತ್ತುವುದಿಲ್ಲ ಎಂದಿರಲಿಲ್ಲ. ಬದುಕಿರುವವರದ್ದೇ ತಕರಾರು.

ಉಳಿದವಳು ಅಕ್ಕ. ಅಕ್ಕನನ್ನು ಕೇಳುವುದು ಅವನಿಗೆ ನುಂಗಲಾರದ ತುತ್ತು. ಪ್ರತಿ ಭಾನುವಾರ ಅವಳ ಮನೆಯಲ್ಲಿ ಊಟ, ಆದರೆ ಗಾಡಿಯನ್ನು ಮಾರುಕಟ್ಟೆಯ ಆಚೆ ನಿಲ್ಲಿಸಿ ನಡೆದುಕೊಂಡು ಬರಬೇಕು. ಕಳೆದ ಚಳಿಗಾಲದಲ್ಲಿ ಭಾವ ತೀರಿಕೊಂಡ ಮೇಲೆ ಅವಳೇ ಹಾಕಿದ ನಿಯಮ ಅದು. ಊರಿನವರಿಗೆ ಇರುವ ಅಂಜಿಕೆ ಅಕ್ಕನಿಗೂ ಬಂತು ಎಂದು ಅವನು ಅಂದುಕೊಂಡಿದ್ದ. ಅಂದುಕೊಂಡಾಗ ಬಹಳ ನೋವಾಗಿತ್ತು. ಅವಳು ಬಡಿಸುತ್ತಿದ್ದಳು, ಅವನು ಉಣ್ಣುತ್ತಿದ್ದ, ಆಮೇಲೆ ಅವಳು ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂರುತ್ತಿದ್ದಳು. ಮಾತು ಹವೆ, ತರಕಾರಿ, ಶಾಲೆಯ ಸಮವಸ್ತ್ರದ ಬಟ್ಟೆ ಇವಿಷ್ಟರಲ್ಲೇ ಮುಗಿಯುತ್ತಿತ್ತು.

ಮರುದಿನ ಮಧ್ಯಾಹ್ನ ಬಾಗಿಲಲ್ಲಿ ನಿಂತ ತಮ್ಮನನ್ನು ನೋಡಿ ಅಕ್ಕ ಮಿಷನ್ ನಿಲ್ಲಿಸಿದಳು. ಇವತ್ತು ಭಾನುವಾರ ಅಲ್ಲವಲ್ಲ ಎಂದಳು. ಅವನು ನೀರು ಕೇಳಿ ಕುಡಿದ, ಬಿಸಿಲಿನ ಬಗ್ಗೆ ಮಾತಾಡಿದ, ಇನ್ನೊಂದು ಲೋಟ ನೀರು ಕುಡಿದ. ಮೂರನೆಯ ಲೋಟಕ್ಕೆ ಅವಳು ಚೊಂಬನ್ನು ಕೊಡಲಿಲ್ಲ. ಏನು ವಿಷಯ ಹೇಳು ಎಂದಳು. ಅವನು ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದ: ಕಾರ್ಯದರ್ಶಿ ನಾಳೆ ಬರುತ್ತಾನೆ, ಸದ್ದು ನಿಲ್ಲದಿದ್ದರೆ ಗಾಡಿಯೂ ಇಲ್ಲ ಕೆಲಸವೂ ಇಲ್ಲ, ಒಬ್ಬರು ಒಳಗೆ ಕೂರಬೇಕು, ಯಾರೂ ಸಿಗಲಿಲ್ಲ. ನಿನಗೆ ಇಷ್ಟವಿಲ್ಲ ಎಂದು ಗೊತ್ತು, ಬೇಡ ಅಂದರೆ ಬೇಜಾರಿಲ್ಲ ಎಂದೂ ಸೇರಿಸಿದ.

ಅಕ್ಕ ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟಳು, ಮಿಷನ್ನಿನ ಮೇಲೆ ಬಟ್ಟೆ ಮುಚ್ಚಿದಳು, ಚಪ್ಪಲಿ ಮೆಟ್ಟಿಕೊಂಡಳು. ಬೀದಿಯಲ್ಲಿ ಅವನಿಗಿಂತ ಮುಂದೆ ನಡೆದಳು.

ಶೆಡ್ಡಿನಲ್ಲಿ ಅವಳು ಗಾಡಿಯನ್ನು ಒಂದು ಸುತ್ತು ಬಂದು, ಚಾಲಕನ ಸೀಟಿಗೆ ಹತ್ತಿ ಕೂತಳು. ಕಾಲು ಪೆಡಲಿಗೆ ಎಟುಕಲಿಲ್ಲ; ಎಟುಕಬೇಕಾಗಿಯೂ ಇರಲಿಲ್ಲ. ಇಷ್ಟು ಗುಂಡಿ ಬಿದ್ದ ಸೀಟಿನಲ್ಲಿ ಹೇಗೆ ಕೂರುತ್ತೀಯ, ಒಂದು ದಿಂಬು ಹೊಲಿದು ಕೊಡುತ್ತಿದ್ದೆನಲ್ಲ ಎಂದು ಬೈದಳು. ಆ ಸೀಟಿನಲ್ಲಿ ಅವನ ಹೊರತು ಇನ್ನೊಬ್ಬರು ಕೂತದ್ದನ್ನು ಅವನು ನೋಡಿಯೇ ಇರಲಿಲ್ಲ.

ಮೊದಲು ಎಂಜಿನ್ ಶುರು ಮಾಡದೆ ನಿಧಾನವಾಗಿ ತಿರುಗಿಸಲು ಹೇಳಿದ. ಅವಳು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತಿರುಗಿಸಿದಳು. ಬಟ್ಟೆಯ ಅಂಚು ಸರಿಸುವ ಕೈ, ಎಲ್ಲೂ ಜಗ್ಗಾಟವಿಲ್ಲ. ಡಬ್ಬಿಯಲ್ಲಿ ಗುಳ್ಳೆಗಳು ಎದ್ದು ಒಡೆದವು. ಅವನು ಆಯಿಲ್ ಸುರಿಯುತ್ತ ಹೋದ. ಗುಳ್ಳೆ ಕಡಿಮೆಯಾದ ಮೇಲೆ ಕಿಟಕಿಯಿಂದ ಕೈ ಹಾಕಿ ಎಂಜಿನ್ ಶುರು ಮಾಡಿ, ಮತ್ತೆ ಡಬ್ಬಿಯ ಮುಂದೆ ಬಂದು ನಿಂತ.

ಅಕ್ಕ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿದಳು. ಕೊನೆ ಮುಟ್ಟಿತು. ಅವಳು ಬಿಡದೆ ಹಾಗೇ ಹಿಡಿದಳು, ಗಾಡಿ ನರಳಿತು.

“ಹಾಗೆ ಹಿಡೀಬೇಡ ಅಕ್ಕ, ಸ್ವಲ್ಪ ಹಿಂದಕ್ಕೆ ಬಿಡು.”

ಅವಳು ಬಿಡಲಿಲ್ಲ. ತಲೆ ವಾಲಿಸಿ ಕೇಳುತ್ತಿದ್ದಳು.

“ಇದೇ ಸದ್ದು,” ಎಂದಳು. “ನಿಮ್ಮ ಭಾವನ್ನ ಇಳಿಸ್ಕೊಂಡ ದಿನ ಕೇಳಿದ್ದು. ಆಗ ಇಷ್ಟು ಜೋರಿರ್ಲಿಲ್ಲ, ಸಣ್ಣಗಿತ್ತು. ಎಲ್ರೂ ಹೆಗಲು ಕೊಟ್ಟು ಒಳಗೆ ನಡೆದ್ರು. ನಾನು ಗೇಟ್ ಹತ್ರ ನಿಂತಿದ್ದೆ, ನೀನು ಇಳಿದು ಬರ್ತೀಯ ಅಂತ. ಹಿಂದಿನಿಂದ ಈ ಸದ್ದು ಬಂತು. ತಿರುಗಿ ನೋಡಿದ್ರೆ ನೀನು ಹೊರಟು ಹೋಗ್ತಾ ಇದ್ದೆ.”

ಸಾರಥಿಯ ಕೈಯಲ್ಲಿದ್ದ ಆಯಿಲ್ ಡಬ್ಬ ಹಾಗೇ ನಿಂತಿತು. ಅವನ ಕೈಗೆ ಈಗ ನೆನಪಾಯಿತು. ಗೇಟಿನ ಮುಂದೆ ಗಾಡಿ ನಿಲ್ಲಿಸಿದ ಕೂಡಲೇ, ಹಿಂದಿನ ಬಾಗಿಲು ಇನ್ನೂ ತೆರೆಯುವ ಮೊದಲೇ, ಅವನು ಸ್ಟೀರಿಂಗನ್ನು ಕೊನೆವರೆಗೂ ತಿರುಗಿಸಿ ಬಿಗಿಹಿಡಿದು, ಎಂಜಿನ್ ಓಡಿಸಿಕೊಂಡೇ ಕಾಯುತ್ತಿದ್ದ. ಕೊನೆಯ ಕೈ ಗಾಡಿಯನ್ನು ಬಿಟ್ಟ ಕ್ಷಣ ಒಂದೇ ತಿರುವಿಗೆ ಜಾಗ ಖಾಲಿ ಮಾಡಬೇಕು. ಖಾಲಿ ಗಾಡಿಯನ್ನು ನೋಡಲು ಯಾರಿಗೂ ಮನಸ್ಸಿರುವುದಿಲ್ಲ, ಯಾರಾದರೂ ಮುಖ ತಿರುಗಿಸುವ ಮೊದಲೇ ತಾನೇ ಹೋಗಿಬಿಡುವುದು ಲೇಸು ಎಂದು ಅವನ ಲೆಕ್ಕ. ಅದನ್ನು ಅವನು ಮರ್ಯಾದೆ ಎಂದುಕೊಂಡಿದ್ದ. ಪ್ರತಿ ಸಾವಿಗೂ ಹಾಗೆ ಹಿಡಿದೂ ಹಿಡಿದೂ ಆಯಿಲ್ ಸುಟ್ಟಿತ್ತು. ಕಲಿಯುವವರು ಮಾಡುವ ತಪ್ಪು.

“ಗಾಡಿ ಅಲ್ಲಿ ನಿಂತ್ಕೊಂಡ್ರೆ ಯಾರಿಗೂ ಇಷ್ಟ ಆಗಲ್ಲ ಅಕ್ಕ,” ಎಂದ.

“ಗಾಡಿ ಯಾರಿಗೆ ಬೇಕಿತ್ತು? ನನಗೆ ತಮ್ಮ ಬೇಕಿತ್ತು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅಂಗಿಯ ಅಳತೆ ಹೇಳುವ ಹಾಗೆ ಹೇಳಿದಳು, ಅದಕ್ಕೇ ಅದು ಎದೆಗೆ ನಾಟಿತು. ಮಾರುಕಟ್ಟೆಯ ಆಚೆ ಗಾಡಿ ನಿಲ್ಲಿಸಿ ಬಾ ಎಂದದ್ದು ಅಪಶಕುನ ಅಂತಲ್ಲ ಎಂದೂ ಹೇಳಿದಳು. ಊಟ ಮುಗಿಸಿ ಅವನು ಹೊರಡುವಾಗ, ಬೀದಿಯ ಕೊನೆಯಲ್ಲಿ ಗಾಡಿ ತಿರುಗಿಸುವಾಗ ಆ ಸದ್ದು ಮತ್ತೆ ತನ್ನ ಕಿವಿಗೆ ಬೀಳಬಾರದು ಅಂತ. ಇಷ್ಟು ಭಾನುವಾರಗಳಲ್ಲಿ ಒಂದು ದಿನವೂ ಯಾಕೆ ಎಂದು ನೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ ಎಂದಳು.

“ತಪ್ಪಾಯ್ತು ಅಕ್ಕ,” ಎಂದ ಸಾರಥಿ. ಕಣ್ಣು ತುಂಬಿ ಡಬ್ಬಿಯ ಗೆರೆ ಕಾಣದಾಗಿತ್ತು. ತೋಳಿನಿಂದ ಒರೆಸಿಕೊಂಡರೆ ಮುಖಕ್ಕೆಲ್ಲ ಆಯಿಲ್ ಆಯಿತು.

“ಡಬ್ಬಿ ನೋಡು, ಖಾಲಿ ಆದೀತು. ಈಗ ಯಾವ ಕಡೆ ತಿರುಗಿಸ್ಲಿ?”

“ಎಡಕ್ಕೆ. ಕೊನೆ ಮುಟ್ಟೋ ಮೊದಲೇ ಬಿಡು.”

ಅವಳು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ಅವನು ಸುರಿದ. ನರಳಾಟ ಗೊಣಗಾಟವಾಯಿತು, ಗೊಣಗಾಟ ಪಿಸುಮಾತಿಗೆ ಇಳಿಯಿತು. ನೊರೆ ಹೋಗಿ ಆಯಿಲ್ ತಿಳಿಗೆಂಪಾಗಿ ನಿಂತಿತು. ಕೊನೆಗೆ ಎಂಜಿನ್ನಿನ ಸದ್ದೊಂದೇ ಉಳಿಯಿತು. ಅವಳು ಇನ್ನೂ ಒಂದೆರಡು ಸಲ ಬೇಕೆಂದೇ ತಿರುಗಿಸಿ ನೋಡಿದಳು. ಮಿಷನ್ನಿಗೆ ಎಣ್ಣೆ ಬಿಟ್ಟ ಮೇಲೆ ಹೀಗೇ ಆಗುತ್ತದೆ ಎಂದಳು.

ಅವನು ಜಾಕು ಇಳಿಸಿ, ಬಾನೆಟ್ಟು ಮುಚ್ಚಿ, ಕೈ ತೊಳೆದು ಬಂದಾಗ ಅಕ್ಕ ಪಕ್ಕದ ಸೀಟಿಗೆ ಸರಿದು ಕೂತಿದ್ದಳು. ಮನೆಗೆ ಬಿಡಲೇ ಎಂದು ಕೇಳಿದ. ಬೇಡ, ನಿಮ್ಮ ಭಾವನ ಹತ್ತಿರ ಹೋಗೋಣ ಎಂದಳು.

ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ಹಿಂದೆ ಯಾರೂ ಇಲ್ಲದೆ ಗಾಡಿ ಓಡಿಸುವುದು ಅವನಿಗೆ ಹೊಸದು. ಚಹಾ ಅಂಗಡಿಯ ತಿರುವಿನಲ್ಲಿ ಗಾಡಿ ತುಟಿ ಪಿಟಕ್ಕೆನ್ನಲಿಲ್ಲ. ಅಂಗಡಿಯವನು ಸದ್ದಿಲ್ಲದ ಗಾಡಿಯನ್ನೂ ಒಳಗಿದ್ದ ಅಕ್ಕನನ್ನೂ ನೋಡಿ ಕೈಯಲ್ಲಿದ್ದ ಲೋಟವನ್ನು ಕೆಳಗಿಡುವುದನ್ನೇ ಮರೆತ. ನಾಳೆ ಕಾರ್ಯದರ್ಶಿ ಎಷ್ಟು ಸುತ್ತು ಬೇಕಾದರೂ ಬರಲಿ ಎಂದು ಸಾರಥಿಗೆ ಅನ್ನಿಸಿತು.

ಸ್ಮಶಾನದ ಗೇಟಿನ ಮುಂದೆ ಗಾಡಿ ನಿಲ್ಲಿಸಿದ. ಕೈ ಹಳೇ ಚಾಳಿಯಂತೆ ಸ್ಟೀರಿಂಗನ್ನು ಬಲಕ್ಕೆ ಎಳೆಯಲು ಹೋಯಿತು. ಅವನು ತಡೆದ. ಚಕ್ರ ನೇರ ಮಾಡಿ, ಎಂಜಿನ್ ನಿಲ್ಲಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಇಳಿದ. ಅಕ್ಕನ ಕಡೆಯ ಬಾಗಿಲು ತೆರೆದು ಅವಳ ಕೈ ಹಿಡಿದು ಇಳಿಸಿದ. ಇಬ್ಬರೂ ಗೇಟು ದಾಟಿದರು. ಒಳಗೆ ಕಾಲುದಾರಿ ಎರಡಾಗಿ ಒಡೆದಿತ್ತು. ಒಂದು ಗೋಡೆಯ ಪಕ್ಕಕ್ಕೆ, ಇನ್ನೊಂದು ಮರಗಳ ನಡುವೆ. ಎರಡೂ ಕಡೆ ಕಲ್ಲುಗಳ ಸಾಲು ಸಾಲು. ಸಾರಥಿ ಅಲ್ಲೇ ನಿಂತುಬಿಟ್ಟ.

“ಯಾಕೋ, ನಡಿ,” ಎಂದಳು ಅಕ್ಕ.

“ಯಾವ ಕಡೆ ಅಂತ ಗೊತ್ತಿಲ್ಲ ಅಕ್ಕ. ನಾನು ಒಳಗೆ ಬಂದೇ ಇಲ್ಲ.”

ಊರಿನ ಅರ್ಧ ಜನರನ್ನು ಇಲ್ಲಿಗೆ ತಲುಪಿಸಿದ ತಮ್ಮನ ಮುಖವನ್ನು ಅಕ್ಕ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವನ ಮುಂಗೈ ಹಿಡಿದುಕೊಂಡು, ಮರಗಳ ನಡುವಿನ ದಾರಿಗೆ ತಿರುಗಿದಳು.